ಪದಚರ್ಚೆ: ಮ್ಯಾರಿನೇಟ್ ಎಂದರೆ ನೆನೆಸುವುದೋ, ಹಚ್ಚಿಡುವುದೋ, ಊರಿಸುವುದೋ? (ನಾಳೆ ಅಚ್ಚಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ಪ್ರೆಶರ್ ಕುಕ್ಕರ್ ಅಡುಗೆಯ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಪುಟಗಳು ಮುದ್ರಣಕ್ಕೆ ಹೋಗಬೇಕು. ಫಿಲಿಪ್ಪೀನ್ಸಿನ ಚಿಕನ್ ಅಡೋಬೋ ಇರುವ ಪುಟದಲ್ಲಿ ಕೆಲಸ ನಿಂತಿದೆ. ಕೋಳಿಯ ತೊಡೆಯ ತುಂಡುಗಳನ್ನು ಸೋಯಾ ಸಾಸ್, ವಿನೆಗರ್, ಜಜ್ಜಿದ ಬೆಳ್ಳುಳ್ಳಿ, ಇಡಿ ಕಾಳುಮೆಣಸು, ಬೇ ಎಲೆಗಳ ಜೊತೆ ಒಂದೆರಡು ಗಂಟೆ ಇಟ್ಟು, ಆಮೇಲೆ ಆ ರಸದ ಸಮೇತ ಕುಕ್ಕರಿಗೆ ಹಾಕುವುದು. ಮೂಲದಲ್ಲಿ ‘ಮ್ಯಾರಿನೇಟ್’ ಕ್ರಿಯಾಪದವಾಗಿಯೂ ಬರುತ್ತದೆ, ಅದೇ ಬೇರಿನ ನಾಮಪದ ಆ ರಸಕ್ಕೆ ಹೆಸರಾಗಿಯೂ ಬರುತ್ತದೆ. ನಾನು ‘ನೆನೆಸಿಡಿ’ ಎಂದು ಹಾಕಿದ್ದೆ. ಕರಡು ನೋಡಿದವರು ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದು ಕಳುಹಿಸಿದ್ದಾರೆ.

ಇನ್ನೊಂದು. ಬೆಂದ ಮೇಲೆ ಕುಕ್ಕರಿನ ಒತ್ತಡ ತಾನಾಗಿ ಇಳಿಯಲು ಬಿಡುವುದಕ್ಕೂ ವೆಯಿಟ್ ಎತ್ತಿ ಹಬೆಯನ್ನು ಕೂಡಲೇ ಬಿಡುವುದಕ್ಕೂ ಚಿಕ್ಕ ಮಾತು ಬೇಕು. ಪುಸ್ತಕದುದ್ದಕ್ಕೂ ಇವು ಬರುತ್ತವೆ.

– ಅನುವಾದಕಿ, ಮೈಸೂರು

*

‘ಮ್ಯಾರಿನೇಟ್ ಮಾಡಿ’ ಎಂದೇ ಬರೆಯಿರಿ. ಅಡುಗೆ ಪುಟಗಳಲ್ಲಿ, ವಿಡಿಯೊಗಳಲ್ಲಿ ಎಲ್ಲ ಕಡೆಯೂ ಅದೇ ಇದೆ. ಪುಸ್ತಕ ಕೊಳ್ಳುವವರು ಕೋಳಿ ಬೇಯಿಸಲು ಕೊಳ್ಳುತ್ತಾರೆ, ನಿಘಂಟು ತಿರುವಲು ಅಲ್ಲ. ಇದರಲ್ಲಿ ಚರ್ಚಿಸುವುದೇನೂ ಇಲ್ಲ.

– ಬೆಂಗಳೂರಿನಿಂದ

*

> ಇದರಲ್ಲಿ ಚರ್ಚಿಸುವುದೇನೂ ಇಲ್ಲ.

ಇದೆ. ಕನ್ನಡಕ್ಕೆ ಈ ಕೆಲಸಕ್ಕೆಂದೇ ಒಂದು ಧಾತು ಇದೆ: ಊರು. ಹಳಗನ್ನಡದಲ್ಲಿ ಶಕಟರೇಫದ (ಈಗ ಬಳಕೆಯಲ್ಲಿಲ್ಲದ ಱ ಅಕ್ಷರದ) ಊಱು. ಹಳ್ಳಿ ಎಂಬ ಅರ್ಥದ ಊರಿಗೂ ಇದಕ್ಕೂ ಸಂಬಂಧವಿಲ್ಲ. ಱಕಾರ ಬಿದ್ದುಹೋದ ಮೇಲೆ ಎರಡೂ ಒಂದೇ ರೂಪ ತಾಳಿದವು, ಅಷ್ಟೆ. ಬಾವಿಯಲ್ಲಿ ನೀರು ಊರುತ್ತದೆ. ಬಾಯಲ್ಲಿ ನೀರೂರುತ್ತದೆ. ಉಪ್ಪು ಬೆರೆಸಿದ ಮಾವಿನ ಮಿಡಿ ಊರುತ್ತದೆ. ತಮಿಳರ ಊರುಗಾಯ್, ತೆಲುಗರ ಊರಗಾಯ ಎರಡೂ ಇದೇ ಬೇರಿನವು. ತಮಿಳಿನ ಅಡುಗೆ ಪುಸ್ತಕಗಳು ಕೋಳಿಗೆ ಮಸಾಲೆ ಬೆರೆಸಿ ‘ಊರ ವೈ’ ಎಂದು ಯಾವ ಸಂಕೋಚವೂ ಇಲ್ಲದೆ ಬರೆಯುತ್ತವೆ.

‘ನೆನೆಸು’ ಏಕೆ ಹೊಂದುವುದಿಲ್ಲ ಎಂಬುದನ್ನೂ ನೋಡಿ. ನೆನೆಯುವುದು ಒಣಗಿದ ವಸ್ತು: ಕಡಲೆ, ಅಕ್ಕಿ, ಅವಲಕ್ಕಿ. ಅದು ನೀರು ಕುಡಿದು ಉಬ್ಬುತ್ತದೆ. ಹಸಿ ಮಾಂಸ ಹಾಗೆ ಉಬ್ಬುವುದಿಲ್ಲ. ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟಾಗ ಏನಾಗುತ್ತದೆ? ಮೊದಲು ಮಿಡಿಯೇ ನೀರು ಬಿಡುತ್ತದೆ, ಚಿರುಟಿಕೊಳ್ಳುತ್ತದೆ. ಆಮೇಲೆ ತಾನು ಬಿಟ್ಟ ನೀರಿನಲ್ಲೇ ಉಪ್ಪು ಹಿಡಿಯುತ್ತದೆ. ಒಳಗಿನದು ಹೊರಗೆ ಬರುವುದು, ಹೊರಗಿನದು ಒಳಗೆ ಹೋಗುವುದು, ಎರಡನ್ನೂ ‘ಊರು’ ಒಂದೇ ಹಿಡಿತದಲ್ಲಿ ಹೇಳುತ್ತದೆ. ಸೋಯಾ ಸಾಸಿನ ಉಪ್ಪು ಕೋಳಿಯ ಮೇಲೆ ಮಾಡುವುದೂ ಇದನ್ನೇ. ‘ಮ್ಯಾರಿನೇಟ್’ ಪದದ ಬೇರು ಕೂಡ ಕಡಲಿನ ಉಪ್ಪುನೀರಿನಲ್ಲಿದೆ.

ಕ್ರಿಯಾಪದಕ್ಕೆ ಊರಿಸು, ರಸಕ್ಕೆ ಊರುರಸ. ನಾಮಪದವನ್ನು ಎರವಲು ತಂದರೆ ನನ್ನ ತಕರಾರಿಲ್ಲ, ವಸ್ತು ಬಂದಾಗ ಹೆಸರೂ ಬರುತ್ತದೆ. ಕ್ರಿಯಾಪದವನ್ನೇ ತಂದು ‘ಮಾಡು’ ಅಂಟಿಸಿದರೆ ನಮ್ಮ ಧಾತುಗಳು ಒಂದೊಂದಾಗಿ ಮೂಲೆ ಸೇರುತ್ತವೆ. ‘ಕಟ್ ಮಾಡಿ’, ‘ಮಿಕ್ಸ್ ಮಾಡಿ’, ‘ಫ್ರೈ ಮಾಡಿ’ ಆದಮೇಲೆ ಕನ್ನಡದಲ್ಲಿ ಉಳಿಯುವುದು ‘ಮಾಡಿ’ ಒಂದೇ.

– ಸಾಗರದಿಂದ

*

ಸಾಗರದ ಹಿರಿಯರ ವ್ಯುತ್ಪತ್ತಿ ಸರಿಯಿರಬಹುದು. ಆದರೆ ನಮ್ಮ ಕಡೆ ‘ಊರಲಿ’ ಎಂದರೆ ವಾರಗಟ್ಟಲೆ ಬಿಡಿ ಎಂದೇ ಅರ್ಥ. ಇಲ್ಲಿ ವಿನೆಗರ್ ಇದೆ. ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟ ಕೋಳಿಯ ಹೊರಮೈ ಹಿಟ್ಟುಹಿಟ್ಟಾಗುತ್ತದೆ, ಒಳಗೆ ಹಾಗೆಯೇ ಇರುತ್ತದೆ. ಉಪ್ಪು ಮಾತ್ರ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಬೆಳ್ಳುಳ್ಳಿ, ಮೆಣಸಿನ ರುಚಿ ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತದೆ. ಎಷ್ಟು ಹೊತ್ತು ಎಂದು ಬರೆಯದೆ ಬರೀ ‘ಊರಿಸಿ’ ಎಂದರೆ ಅಡುಗೆ ಕೆಡುತ್ತದೆ.

ಬಂಗುಡೆಯ ಮೈಗೆ ಗೀರು ಹಾಕಿ ಉಪ್ಪು, ಖಾರ, ಹುಣಸೆ ಮೆತ್ತುವಾಗ ನಾವು ‘ಹಚ್ಚಿಡಿ’ ಎನ್ನುತ್ತೇವೆ. ಕೋಳಿಗೆ ಮೊಸರು ಮಸಾಲೆಯಾದರೆ ‘ಕಲಸಿಡಿ’. ಮನೆಯ ಮಾತು ಇದು, ಯಾರೂ ನಿಘಂಟು ನೋಡಿ ಕಲಿತದ್ದಲ್ಲ. ಆದರೆ ಅಡೋಬೋ ರಸ ನೀರಾಗಿರುತ್ತದೆ, ಹಚ್ಚಲು ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಎರವಲಿನ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಅಡೋಬೋ ಎಂಬ ಹೆಸರೇ ಸ್ಪ್ಯಾನಿಷಿನದು. ‘ಅಡೋಬಾರ್’ ಎಂದರೆ ಅಲ್ಲಿ ಹೀಗೆ ರಸದಲ್ಲಿಡುವ ಕೆಲಸ. 1613ರಲ್ಲಿ ಅಚ್ಚಾದ, ಫಿಲಿಪ್ಪೀನ್ಸಿನ ತಗಾಲೋಗ್ ಭಾಷೆಯ ನಿಘಂಟು ಅಲ್ಲಿಯವರ ಈ ಅಡುಗೆಯನ್ನು ‘ಸ್ಥಳೀಯರ ಅಡೋಬೋ’ ಎಂದು ಕರೆದಿದೆ. ಅಡುಗೆ ಅವರದು, ಹೆಸರು ಹೊರಗಿನದು. ನಮ್ಮ ಕರಾವಳಿಗೆ ಬಂದ ವಿಂದಾಲು ಕೂಡ ಪೋರ್ಚುಗೀಸರ ದ್ರಾಕ್ಷಾರಸ, ಬೆಳ್ಳುಳ್ಳಿಯ ಪಾಕದ ಹೆಸರು. ನಾಲಿಗೆಗೆ ಒಗ್ಗಿದ ಮೇಲೆ ಅದನ್ನು ಯಾರೂ ಪರಕೀಯ ಎನ್ನಲಿಲ್ಲ.

– ಮಂಗಳೂರಿನಿಂದ

*

> ಅಡುಗೆ ಅವರದು, ಹೆಸರು ಹೊರಗಿನದು.

ಇದು ಎರವಲಿನ ಸಮರ್ಥನೆಯಲ್ಲ ಅಮ್ಮಾ, ಎಚ್ಚರಿಕೆ. 1565ರಿಂದ 1898ರವರೆಗೆ ಸ್ಪೇನ್ ಆಳಿದ ನಾಡು ಅದು. ಆಳುವವರು ತಮಗೆ ಗೊತ್ತಿದ್ದ ಹೆಸರನ್ನು ಅಂಟಿಸಿದರು, ಅಲ್ಲಿಯವರ ಹೆಸರು ಮರೆಗೆ ಸರಿಯಿತು. ನಮ್ಮ ಮೇಲೆ ಈಗ ಅಂಥ ಬಲವಂತ ಯಾರದೂ ಇಲ್ಲ. ಬಲವಂತವಿಲ್ಲದೆಯೇ ಕೈಬಿಡುತ್ತಿದ್ದೇವೆ, ನನಗೆ ನೋವಾಗುವುದು ಅದಕ್ಕೆ.

‘ಊರು’ ಎಂದರೆ ವಾರಗಟ್ಟಲೆ ಎಂಬುದನ್ನೂ ಒಪ್ಪಲಾರೆ. ಬಾಳಕದ ಮೆಣಸು ಮಜ್ಜಿಗೆಯಲ್ಲಿ ಊರುವುದು ಒಂದು ರಾತ್ರಿ.

– ಸಾಗರದಿಂದ

*

ಇಬ್ಬರೂ ಮೆಣಸಿನಕಾಯಿಯನ್ನು ಮರೆತಿದ್ದೀರಿ. ಅದು ಪೋರ್ಚುಗೀಸರ ಕಾಲದಲ್ಲಿ ಬಂತು. ನಮ್ಮ ಹಿರಿಯರು ಹೆಸರನ್ನು ಎರವಲು ತರಲಿಲ್ಲ. ಮನೆಯಲ್ಲಿದ್ದ ‘ಮೆಣಸಿ’ಗೆ ‘ಕಾಯಿ’ ಸೇರಿಸಿದರು. ಬಟಾಟೆಯ ವಿಷಯದಲ್ಲಿ ಹೊರಗಿನ ಹೆಸರನ್ನೇ ಇಟ್ಟುಕೊಂಡರು. ಎರಡೂ ನಡೆದಿವೆ. ಸಾರ್ವತ್ರಿಕ ನಿಯಮ ಮಾಡಲು ಹೊರಟರೆ ಎರಡರಲ್ಲಿ ಒಂದು ಸಾಕ್ಷಿಯನ್ನು ಮುಚ್ಚಿಡಬೇಕಾಗುತ್ತದೆ.

ಅನುವಾದಕಿಯವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕುಕ್ಕರಿನ ಹೆಸರು ಇಂಗ್ಲಿಷ್, ಅದರ ಕೆಲಸಗಳೆಲ್ಲ ಕನ್ನಡ. ಕುಕ್ಕರ್ ಕೂಗುತ್ತದೆ, ನಮ್ಮ ಕಡೆ ಸೀಟಿ ಹೊಡೆಯುತ್ತದೆ. ಮೂರು ಕೂಗು ಬರಲಿ ಎಂದರೆ ಗೊತ್ತಾಗದ ಮನೆಯಿಲ್ಲ. ಅದೇ ದಾರಿ ಹಿಡಿಯಿರಿ: ‘ಕುಕ್ಕರ್ ತಾನಾಗಿ ಇಳಿಯಲಿ’, ‘ಹಬೆ ಬಿಟ್ಟು ತೆರೆಯಿರಿ’. ‘ಸ್ವಾಭಾವಿಕ ಒತ್ತಡ ವಿಮೋಚನೆ’ ಎಂದು ದಯವಿಟ್ಟು ಬರೆಯಬೇಡಿ. ಮಾಂಸದ ಅಡುಗೆಯಲ್ಲಿ ಈ ವ್ಯತ್ಯಾಸ ಮುಖ್ಯವಾದದ್ದು. ಮುಚ್ಚಿದ ಕುಕ್ಕರಿನೊಳಗೆ ನೀರಿನ ಬಿಸಿ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ವೆಯಿಟ್ ಎತ್ತಿದ ಕೂಡಲೇ ಒತ್ತಡ ಕುಸಿದು ಒಳಗಿನ ರಸ ಉಕ್ಕಿ ಕುದಿಯುತ್ತದೆ, ತುಂಡಿನೊಳಗಿನ ರಸವೂ ಆಗಲೇ ಹೋಗುತ್ತದೆ. ಕೋಳಿಗೆ ‘ತಾನಾಗಿ ಇಳಿಯಲಿ’ ಬೇಕು.

– ಧಾರವಾಡದಿಂದ

*

ಸರಿಯಾಗಿ ಹೇಳಿದಿರಿ. ಇದರ ಜೊತೆಗೆ ಒಂದು ಮಾತು ಸೇರಿಸಿ. ತೆರೆದ ಪಾತ್ರೆಯಲ್ಲಿ ವಿನೆಗರಿನ ಘಾಟು ಹಬೆಯ ಜೊತೆ ಹೋಗುತ್ತದೆ. ಕುಕ್ಕರಿನಲ್ಲಿ ಹೆಚ್ಚು ಪಾಲು ಒಳಗೇ ಉಳಿಯುತ್ತದೆ. ಆದ್ದರಿಂದ ಮುಚ್ಚಳ ತೆಗೆದ ಮೇಲೆ ರಸವನ್ನು ಹಾಗೆಯೇ ಒಲೆಯ ಮೇಲಿಟ್ಟು ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು. ತುಂಡುಗಳ ಮೇಲೆ ಕಂದು ಹೊಳಪು ಬರುವುದು ಆಗಲೇ. ಇದಕ್ಕೆ ಇಂಗ್ಲಿಷ್ ಪದ ತರಬೇಡಿ, ‘ರಸವನ್ನು ಇಂಗಿಸಿ’ ಸಾಕು.

– ಮಂಗಳೂರಿನಿಂದ

*

‘ಇಂಗಿಸಿ’! ಎಷ್ಟು ಒಳ್ಳೆಯ ಧಾತು. ಇಂಗು, ಊರು, ಕಲಸು, ಹಚ್ಚು. ನಿಮ್ಮ ಬಾಯಲ್ಲಿ ಇಷ್ಟೆಲ್ಲ ಇರುವಾಗ ‘ಮ್ಯಾರಿನೇಟ್ ಮಾಡಿ’ ಎಂಬುದರ ಪರವಾಗಿ ಏಕೆ ವಾದಿಸಿದಿರೋ ತಿಳಿಯದು.

– ಸಾಗರದಿಂದ

*

ನಾನು ವಾದಿಸಿದ್ದು ಅದರ ಪರವಾಗಿ ಅಲ್ಲ. ಮತ್ತೊಮ್ಮೆ ಓದಿ.

– ಮಂಗಳೂರಿನಿಂದ

*

ಎಲ್ಲರಿಗೂ ಕೃತಜ್ಞತೆಗಳು. ಪುಟವನ್ನು ಹೀಗೆ ಕಳುಹಿಸುತ್ತಿದ್ದೇನೆ:

‘ಕೋಳಿ ತುಂಡುಗಳಿಗೆ ಸೋಯಾ ಸಾಸ್, ವಿನೆಗರ್, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಬೇ ಎಲೆ ಬೆರೆಸಿ ಎರಡು ಗಂಟೆ ಫ್ರಿಜ್ಜಿನಲ್ಲಿ ಊರಲು ಬಿಡಿ. ಊರಿದ ರಸವನ್ನು ಚೆಲ್ಲಬೇಡಿ; ತುಂಡುಗಳ ಜೊತೆ ಕುಕ್ಕರಿಗೆ ಹಾಕಿ. ಬೆಂದ ಮೇಲೆ ಕುಕ್ಕರ್ ತಾನಾಗಿ ಇಳಿಯಲಿ. ಮುಚ್ಚಳ ತೆಗೆದು ರಸವನ್ನು ಅರ್ಧಕ್ಕೆ ಇಂಗಿಸಿ.’

‘ಊರುರಸ’ವನ್ನು ತೆಗೆದುಕೊಂಡಿಲ್ಲ. ಓದುವವರು ಅಲ್ಲಿ ನಿಂತು ಯೋಚಿಸಬೇಕಾಗುತ್ತದೆ, ಒಲೆಯ ಮುಂದೆ ಅದಕ್ಕೆ ಸಮಯವಿರುವುದಿಲ್ಲ. ‘ಊರಿದ ರಸ’ ಯಾರಿಗೂ ಹೊಸದಲ್ಲ. ಗಂಟೆಯನ್ನು ಪಕ್ಕದಲ್ಲೇ ಬರೆದಿರುವುದರಿಂದ ಮಂಗಳೂರಿನವರ ಆತಂಕಕ್ಕೂ ಉತ್ತರ ಸಿಕ್ಕಿದೆ ಎಂದುಕೊಂಡಿದ್ದೇನೆ.

– ಅನುವಾದಕಿ, ಮೈಸೂರು

*

‘ಬೇ ಎಲೆ’ಯನ್ನು ಯಾರೂ ಕೇಳಲಿಲ್ಲವೇ? ಓದಿದವರು ಪಲಾವ್ ಎಲೆ ಹಾಕುತ್ತಾರೆ. ಅದು ದಾಲ್ಚಿನ್ನಿಯ ಜಾತಿ, ಎಲೆಯ ಉದ್ದಕ್ಕೂ ಮೂರು ನರಗಳಿರುತ್ತವೆ. ಅಡೋಬೋಗೆ ಹಾಕುವುದು ಲಾರೆಲ್ ಎಲೆ, ನಡುವೆ ಒಂದೇ ನರ. ಪರಿಮಳವೂ ಬೇರೆ.

– ಧಾರವಾಡದಿಂದ

*

ಪಟ್ಟಿಯಲ್ಲಿ ‘ಬೇ ಎಲೆ (ನಡುವೆ ಒಂದೇ ನರ ಇರುವುದು), ಸಿಗದಿದ್ದರೆ ಪಲಾವ್ ಎಲೆ, ಅರ್ಧ ಮಾತ್ರ’ ಎಂದು ಸೇರಿಸಿದ್ದೇನೆ. ಪುಟ ಹೋಯಿತು.

– ಅನುವಾದಕಿ, ಮೈಸೂರು