ಬೀದರ್ ಏರ್‌ಪೋರ್ಟ್ ವಾಯುಪಡೆಯದ್ದಾ, ಸಾರ್ವಜನಿಕರದ್ದಾ?

ಒಂಟಿಕೊಪ್ಪಲು ಅಮ್ಮ:
ಎಲ್ಲರಿಗೂ ನಮಸ್ಕಾರ. 2023ರ ದಸರೆಯಲ್ಲಿ ಬನ್ನಿಮಂಟಪದ ಮೈದಾನದಲ್ಲಿ ವಾಯುಪಡೆಯ ಸೂರ್ಯಕಿರಣ್ ತಂಡದ ಹಾರಾಟ ನೋಡಿದ್ದೆ. ಆ ವಿಮಾನಗಳು ಬೀದರ್‌ನವು ಅಂತ ಆಗ ಯಾರೋ ಹೇಳಿದರು. ಈಗ ನಮ್ಮ ಅಳಿಯನಿಗೆ ಬೀದರ್‌ಗೇ ವರ್ಗವಾಗಿದೆ. ಬೆಂಗಳೂರಿನಿಂದ ವಿಮಾನದಲ್ಲೇ ಬನ್ನಿ ಅಂತ ಮಗಳು ಹಟ ಮಾಡುತ್ತಿದ್ದಾಳೆ. ವಾಯುಪಡೆಯ ಜಾಗದಲ್ಲಿ ನಮ್ಮಂಥವರನ್ನು ಹೇಗೆ ಇಳಿಸುತ್ತಾರೆ? ಪಾಸ್ ಏನಾದರೂ ಬೇಕಾ? ಆ ನಿಲ್ದಾಣದ ಕಥೆ ಗೊತ್ತಿದ್ದವರು ದಯವಿಟ್ಟು ಹೇಳಿ.

ಕುವೆಂಪುನಗರ ನಿವೃತ್ತ ಏರ್‌ಮನ್:
ಅಮ್ಮಾ, ಪಾಸ್ ಏನೂ ಬೇಡ. ಟಿಕೆಟ್, ಗುರುತಿನ ಚೀಟಿ ಇದ್ದರೆ ಸಾಕು. ನಾನು ವಾಯುಪಡೆಯಲ್ಲಿ ಇಂಜಿನ್ ಕೆಲಸದಲ್ಲಿದ್ದವನು, ಬೀದರ್‌ನಲ್ಲೂ ಕೆಲವು ವರ್ಷ ಇದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೀದರ್ ಆಗ ನಿಜಾಮರ ಸೀಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನ ಇಳಿಯುವ ಪಟ್ಟಿ ಹುಟ್ಟಿತು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು ಕರಾಚಿಯಿಂದ ನಿಜಾಮರಿಗೆ ಕದ್ದು ಬಂದೂಕು, ಮದ್ದುಗುಂಡು ತಂದುಕೊಡುತ್ತಿದ್ದ. ಅವನ ವಿಮಾನಗಳು ಇಳಿದ ಜಾಗಗಳಲ್ಲಿ ಬೀದರ್ ಕೂಡ ಒಂದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಒಳಗೆ ನುಗ್ಗಿತು, ಐದೇ ದಿನದಲ್ಲಿ ಎಲ್ಲ ಮುಗಿಯಿತು. ಈ ಕಥೆ ಬೀದರ್‌ನ ಮಕ್ಕಳಿಗೇ ಎಷ್ಟು ಜನಕ್ಕೆ ಗೊತ್ತೋ! ಕೋಟೆ ತೋರಿಸುತ್ತಾರೆ, ಮದರಸಾ ತೋರಿಸುತ್ತಾರೆ. ಇದನ್ನೂ ಹೇಳಬೇಕು.

ಅರವತ್ತರ ದಶಕದಿಂದ ಅದು ಪೈಲಟ್‌ಗಳ ಪಾಠಶಾಲೆ. ಮೊದಲು ಎಚ್‌ಟಿ-2 ಅಂತ ಪುಟ್ಟ ಫ್ಯಾನಿನ ವಿಮಾನ, ನಮ್ಮ ಎಚ್‌ಎಎಲ್‌ನದ್ದೇ. ಆಮೇಲೆ ಕಿರಣ್ ಜೆಟ್. 2008ರಿಂದ ಹಾಕ್ ಅನ್ನುವ ಜೆಟ್. ಹಾಕ್ ವಿನ್ಯಾಸ ಇಂಗ್ಲೆಂಡಿನದು. ಮೊದಲು ತರಿಸಿದ 66ರಲ್ಲಿ 24 ಅಲ್ಲಿಂದ ಬಂದವು, 42 ಬೆಂಗಳೂರಿನಲ್ಲೇ ತಯಾರಾದವು. ಫೈಟರ್ ಓಡಿಸಲು ಹೋಗುವ ಹುಡುಗರು ಇದರಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ. ನೀವು ನೋಡಿದ ಸೂರ್ಯಕಿರಣ್ ಹುಟ್ಟಿದ್ದೂ ಬೀದರ್‌ನಲ್ಲಿ, 1996ರಲ್ಲಿ. 2011ರಲ್ಲಿ ತರಬೇತಿಗೇ ವಿಮಾನ ಸಾಲದೆ ತಂಡವನ್ನು ನಿಲ್ಲಿಸಿ, ಆ ಕಿರಣ್‌ಗಳನ್ನು ಪಾಠಕ್ಕೆ ಕೊಟ್ಟರು. ಆಮೇಲೆ ಹಾಕ್ ಹಿಡಿದು ಮತ್ತೆ ಬಂದರು. ಪ್ರದರ್ಶನಕ್ಕಿಂತ ಪಾಠ ಮೊದಲು ಅನ್ನುವ ಊರು ಅದು. ನನಗೆ ಬೀದರ್ ಮೇಲೆ ಇಷ್ಟು ಅಭಿಮಾನ ಇರುವುದು ಅದಕ್ಕೇ.

ಈಗ ನಿಮ್ಮ ಪ್ರಶ್ನೆ. ರನ್‌ವೇ ವಾಯುಪಡೆಯದ್ದು. ವಿಮಾನ ಇಳಿಸುವುದು, ಏರಿಸುವುದು ಅವರ ಟವರ್ ಹೇಳಿದಂತೆ. ಪ್ರಯಾಣಿಕರ ಟರ್ಮಿನಲ್ ಮಾತ್ರ ಏರ್‌ಪೋರ್ಟ್ ಪ್ರಾಧಿಕಾರದ್ದು. ಇಂಥ ಏರ್ಪಾಡಿಗೆ ಸಿವಿಲ್ ಎನ್‌ಕ್ಲೇವ್ ಅಂತಾರೆ. ಪುಣೆ, ಗೋವಾದ ದಾಬೋಲಿಂ ಎಲ್ಲ ಹೀಗೆಯೇ, ದಾಬೋಲಿಂನಲ್ಲಿ ಮಾತ್ರ ರನ್‌ವೇ ನೌಕಾಪಡೆಯದ್ದು. ತರಬೇತಿ ಹಾರಾಟ ನೋಡಿಕೊಂಡು ನಾಗರಿಕ ವಿಮಾನಕ್ಕೆ ಸಮಯ ಕೊಡುತ್ತಾರೆ. ಹಾಗಾಗಿ ವಿಮಾನಗಳು ಕಡಿಮೆ. ಒಂದು ವಿಷಯ ಮಾತ್ರ ಮರೆಯಬೇಡಿ: ಅಲ್ಲಿ ಫೋಟೋ, ವಿಡಿಯೋ ತೆಗೆಯುವಂತಿಲ್ಲ. ಮೊಮ್ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ.

ಮದ್ದೂರು ಮಂಜ:
ಸರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಬೀದರ್‌ನ ಜನ ಈ ವಿಮಾನಕ್ಕಾಗಿ ಬಹಳ ಕಾದರು. ಹೈದರಾಬಾದ್‌ನ ಹೊಸ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ ಬೇರೆ ನಿಲ್ದಾಣ ಬರಬಾರದು ಅಂತ ಷರತ್ತಿತ್ತು. ಬೀದರ್ ಅದರೊಳಗೇ ಬೀಳುತ್ತದೆ. ಕಡೆಗೆ 2020ರ ಫೆಬ್ರವರಿಯಲ್ಲಿ, ಚಿಕ್ಕ ಊರುಗಳಿಗೂ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಬೆಂಗಳೂರು ವಿಮಾನ ಶುರುವಾಯಿತು. ಆಮೇಲೂ ನಿಲ್ಲುವುದು, ಮತ್ತೆ ಶುರುವಾಗುವುದು ನಡೆದೇ ಇದೆ. ಅದಕ್ಕೇ ಅಮ್ಮಾ, ಟಿಕೆಟ್ ಮಾಡಿಸುವ ದಿನ ವಿಮಾನ ಇದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಯಶವಂತಪುರದಿಂದ ರಾತ್ರಿ ರೈಲಿದೆ.

ನಮ್ಮ ಮೈಸೂರಿನ ಮಂಡಕಳ್ಳಿ ನಿಲ್ದಾಣವೂ ಹೀಗೇನಾ ಸರ್?

ಕುವೆಂಪುನಗರ ನಿವೃತ್ತ ಏರ್‌ಮನ್:
ಅಲ್ಲ ಮಂಜಣ್ಣ. ಮಂಡಕಳ್ಳಿ ಮೈಸೂರು ಸಂಸ್ಥಾನ 1940ರ ದಶಕದಲ್ಲಿ ಮಾಡಿಸಿದ್ದು. ಈಗಿನ ಟರ್ಮಿನಲ್ ತೆರೆದದ್ದು 2010ರಲ್ಲಿ. ರನ್‌ವೇ 1,740 ಮೀಟರ್ ಅಷ್ಟೇ. ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಸಾಕು, ದೊಡ್ಡ ಜೆಟ್‌ಗೆ ಸಾಲದು. ಬೀದರ್‌ಗೆ ಉದ್ದದ ರನ್‌ವೇ ಸಿಕ್ಕಿದ್ದು ಜೆಟ್ ಪಾಠದಿಂದ. ನಮ್ಮದನ್ನು ಉದ್ದ ಮಾಡಬೇಕು ಅಂದರೆ ಪಕ್ಕದ ನಂಜನಗೂಡು ರಸ್ತೆ, ರೈಲು ಹಳಿ ಎರಡೂ ಅಡ್ಡ ಬರುತ್ತವೆ. ಆದರೂ ಆಗಲೇಬೇಕಾದ ಕೆಲಸ.

ಒಂಟಿಕೊಪ್ಪಲು ಅಮ್ಮ:
ತುಂಬಾ ಉಪಕಾರವಾಯಿತು ಸರ್, ಮಂಜಪ್ಪ. ವಿಮಾನ ಇದ್ದರೆ ಅದರಲ್ಲೇ ಹೋಗುತ್ತೇನೆ. ಊರೊಳಗಿಂದ ಹಾಕ್ ಹಾರುವುದು ಕಾಣುತ್ತದಾ ಸರ್?

ಕುವೆಂಪುನಗರ ನಿವೃತ್ತ ಏರ್‌ಮನ್:
ಚೆನ್ನಾಗಿ ಕಾಣುತ್ತದೆ ಅಮ್ಮ. ಹಾರಾಟ ಇರುವ ದಿನ ಮಗಳ ಮನೆ ಮಹಡಿ ಹತ್ತಿ, ಸಾಕು. ಶನಿವಾರ, ಭಾನುವಾರ ನೋಡಿಕೊಂಡು ಹೋಗಬೇಡಿ, ಪಾಠ ಜಾಸ್ತಿ ವಾರದ ದಿನಗಳಲ್ಲೇ.