ಸಹಾಯ ಬೇಕು: ಜಲಿಯನ್‌ವಾಲಾ ಬಾಗ್ ಫಲಕಕ್ಕೆ ಹಳೆಯ ನಕ್ಷೆ, ಹೆಸರು ತಿದ್ದುವವರು

ನಮಸ್ಕಾರ. ಪ್ರೌಢಶಾಲೆ ಮಕ್ಕಳಿಗಾಗಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕುರಿತು 6x4 ಅಡಿಯ ಫ್ಲೆಕ್ಸ್ ಮಾಡುತ್ತಿದ್ದೇವೆ. ಬರಹ ಸಿದ್ಧವಿದೆ, ಎರಡು ವಿಷಯಕ್ಕೆ ನೆರವು ಬೇಕು.

ಮೊದಲನೆಯದು ನಕ್ಷೆ. 1919ರ ಏಪ್ರಿಲ್ 13ರಂದು ಅಷ್ಟು ಜನ ಯಾಕೆ ತಪ್ಪಿಸಿಕೊಳ್ಳಲಾಗಲಿಲ್ಲ ಎಂಬುದು ಜಾಗ ನೋಡಿದರಷ್ಟೇ ತಿಳಿಯುತ್ತದೆ. ಸುತ್ತ ಮನೆಗಳ ಹಿಂಗೋಡೆ, ಒಳಗೊಂದು ಬಾವಿ, ಗುಂಡು ಹಾರಿಸಲು ಆಜ್ಞೆ ಕೊಟ್ಟ ಬ್ರಿಟಿಷ್ ಸೇನಾಧಿಕಾರಿ ಡಯರ್ ತಂದಿದ್ದ ಎರಡು ಕವಚದ ವಾಹನಗಳೂ ನುಗ್ಗಲಾಗದಷ್ಟು ಇಕ್ಕಟ್ಟಾದ ಓಣಿ. ಆ ಪ್ರವೇಶದ ಬಳಿಯೇ ಸಾಲುಗಟ್ಟಿದ 50 ಸೈನಿಕರು ಎಚ್ಚರಿಕೆ ಕೊಡದೆ ಸುಮಾರು 10 ನಿಮಿಷದಲ್ಲಿ 1650 ಗುಂಡು ಹಾರಿಸಿದರು. ಇಂದಿನ ಉದ್ಯಾನದ ನಕ್ಷೆ ದಯವಿಟ್ಟು ಬೇಡ, ಸ್ಮಾರಕ ಆಮೇಲೆ ಕಟ್ಟಿದ್ದು. 1919–20ರ ವಿಚಾರಣೆಯ ಕಾಲದ ನಕ್ಷೆ ಬೇಕು. 2 ಅಡಿ ಅಗಲಕ್ಕೆ ಮುದ್ರಿಸುವುದರಿಂದ ಕನಿಷ್ಠ 2400 ಪಿಕ್ಸೆಲ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಗುರುಮುಖಿ (ಪಂಜಾಬಿ ಲಿಪಿ) ಅಥವಾ ಉರ್ದು ಓದಬಲ್ಲವರು ಮೃತರ ಹೆಸರುಗಳನ್ನು ತಿದ್ದಿಕೊಡಬೇಕು. ಇಂಗ್ಲಿಷ್ ಪಟ್ಟಿ ನೋಡಿ ಬರೆದರೆ ತ-ಟ, ದ-ಡ ಅದಲುಬದಲಾಗುತ್ತವೆ. ಸತ್ತವರ ಹೆಸರನ್ನು ತಪ್ಪಾಗಿ ಅಚ್ಚುಹಾಕಲು ಮನಸ್ಸಿಲ್ಲ.

ಸತ್ತವರ ಸಂಖ್ಯೆಯಾಗಿ ಸರ್ಕಾರ ಹೇಳಿದ 379, ಕಾಂಗ್ರೆಸ್ ವಿಚಾರಣೆಯ ಸುಮಾರು 1000 ಎರಡನ್ನೂ, ಯಾರ ಲೆಕ್ಕ ಎಂದು ನಮೂದಿಸಿಯೇ ಹಾಕಿದ್ದೇವೆ. ಇನ್ನು ಉಧಮ್ ಸಿಂಗ್ 1940ರಲ್ಲಿ ಲಂಡನ್‌ನಲ್ಲಿ ಕೊಂದದ್ದು ಹತ್ಯಾಕಾಂಡದ ಕಾಲಕ್ಕೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಓ'ಡ್ವಯರ್‌ನನ್ನು, ಡಯರ್‌ನನ್ನಲ್ಲ. ಆ ಸಾಲನ್ನು ತಿದ್ದಲು ಹೇಳಬೇಡಿ. ಸಿನಿಮಾ ದೃಶ್ಯಗಳನ್ನು ಅಸಲಿ ಫೋಟೊ ಎಂದು ಕಳಿಸಬೇಡಿ. ಈ ತಿಂಗಳ ಕೊನೆಗೆ ಮುದ್ರಣಕ್ಕೆ ಕೊಡಬೇಕು.