ಬೆಳಗ್ಗೆ 5ಕ್ಕೇ ಏಳ್ತೀನಿ, ವೀಣೆ ಮಾತ್ರ ಮುಟ್ಟಲ್ಲ

ಪ್ರಶ್ನೆ (ಮೈಸೂರಿನಿಂದ):
ನನಗೀಗ 41. ಯುಗಾದಿಯಿಂದ ವೀಣೆ ಕಲೀತಿದ್ದೀನಿ. ಮಾಯಾಮಾಳವಗೌಳ ರಾಗದಲ್ಲಿ ಸರಳೆ (ಮೊದಮೊದಲ ಸ್ವರಪಾಠ) ಮುಗಿದು ಜಂಟಿ ವರಸೆಗೆ (ಜೋಡಿ ಸ್ವರದ ಪಾಠ) ಬಂದಿದೆ. ದಿನಾ ಬೆಳಗ್ಗೆ ಒಂದು ಗಂಟೆ ನುಡಿಸಬೇಕು ಅಂತ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಲ್ಲಿ ಬರೆದೆ. 11 ದಿನ ನಡೀತು. ಹನ್ನೆರಡನೇ ದಿನ ನಾದಿನಿ ಮನೆ ಗೃಹಪ್ರವೇಶ, ಅಲ್ಲಿಗೆ ಕಡಿದುಹೋಯ್ತು. ಈಗ ಏಳ್ತೀನಿ, ಕಾಫಿ ಕುಡೀತೀನಿ, ಫೋನ್ ಹಿಡೀತೀನಿ, ನೋಡಿದ್ರೆ ಆರೂವರೆ. ಮಹಾ ವೈಣಿಕರಾದ ವೀಣೆ ಶೇಷಣ್ಣನವರ ಊರಲ್ಲಿ ಕೂತು ಇದನ್ನ ಹೇಳೋಕೆ ನಾಚಿಕೆ. ನೀವೆಲ್ಲ ಮನಸ್ಸನ್ನ ಹೆಂಗೆ ಕಟ್ಟಿಹಾಕ್ತೀರಿ?

ಉತ್ತರ (ಮದ್ದೂರು ಕಡೆಯವನು):
ನನ್ನತ್ರ ಶಿಸ್ತುಗಿಸ್ತು ಏನೂ ಇಲ್ಲ ಕಣಕ್ಕ, ಎರಡು ಸೀಮೆ ಹಸ ಅವೆ, ಅಷ್ಟೇ. ಒಂದೊತ್ತು ಕರೀದೆ ಬಿಟ್ರೆ ಕೆಚ್ಚಲು ಕಲ್ಲಾಯ್ತದೆ, ಬಾವು ಬಂದ್ರೆ ಹಾಲೂ ಹೋಯ್ತು, ದುಡ್ಡೂ ಹೋಯ್ತು. ನನ್ನ ಮದುವೆ ದಿನಾನೂ ಹಾಲು ಕರೆದು ಡೈರಿಗೆ ಹಾಕಿಯೇ ಛತ್ರಕ್ಕೆ ಹೋಗಿದ್ದು. ನಿಮ್ಮ ವೀಣೆ ಅಂಬಾ ಅನ್ನಲ್ವಲ್ಲ, ಅದೇ ತೊಂದ್ರೆ.

ಉತ್ತರ (ವೀಣೆ ಪಾಠ ಹೇಳುವವಳು):
ಹಸುವಿನ ಮಾತು ಚೆನ್ನಾಗಿದೆ, ಆದರೆ ಹೆದರಿಕೊಂಡು ಕೂತರೆ ಶ್ರುತಿ ಕೂಡಲ್ಲ. ನನ್ನದೊಂದು ಪ್ರಶ್ನೆ: ವೀಣೆ ಎಲ್ಲಿಟ್ಟಿದ್ದೀರಿ? ಗವಸು ಹಾಕಿ ಬೀರು ಹಿಂದೆ ಅಲ್ವಾ? ಅದನ್ನ ಎಳೆದು, ಚಾಪೆ ಹಾಸಿ, 7 ತಂತಿ ಶ್ರುತಿ ಮಾಡೋಷ್ಟರಲ್ಲಿ ಯಾರಿಗಾದ್ರೂ ಫೋನೇ ಹಿತ ಅನ್ಸುತ್ತೆ. ರಾತ್ರಿ ಮಲಗೋ ಮುಂಚೆಯೇ ಚಾಪೆ ಮೇಲೆ ಇಟ್ಟು, ತೆಳ್ಳನೆ ಬಟ್ಟೆ ಹೊದಿಸಿ. ಒಂದು ಗಂಟೆಯ ಲೆಕ್ಕ ಮರೆತುಬಿಡಿ. ಒಂದೇ ಸರಳೆ, ಮೂರು ಕಾಲ, ಅಂದ್ರೆ ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು, ನಾಲ್ಕರಷ್ಟು ವೇಗ. ಎಲ್ಲರೂ ಮೂರನೇ ಕಾಲಕ್ಕೆ ಓಡ್ತಾರೆ. ಬೆರಳು ಮೆಟ್ಟಿನ ಮೇಲೆ ಸರಿಯಾಗಿ ಕೂರೋದು ಒಂದನೇ ಕಾಲದಲ್ಲೇ, ಅದೇ ಕಷ್ಟ. ಬಿಟ್ಟುಹೋದ ದಿನಕ್ಕೆ ಮರುದಿನ ಎರಡರಷ್ಟು ನುಡಿಸೋಕೆ ಹೋಗಬೇಡಿ. ನಾನು ಹಾಗೆ ಮಾಡಿ ತೋರುಬೆರಳು ಊದಿಸಿಕೊಂಡು ವಾರ ಸುಮ್ಮನಿದ್ದೆ.

ಪ್ರಶ್ನೆ ಕೇಳಿದವಳು:
ಬೀರು ಹಿಂದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು ಮೇಡಂ! ನಿನ್ನೆ ರಾತ್ರಿ ತೆಗೆದಿಟ್ಟೆ. ತಂತಿಗಳೆಲ್ಲ ಇಳಿದುಹೋಗಿದ್ವು. ಬೆರಳ ತುದಿಯಲ್ಲಿ ಬಿದ್ದಿದ್ದ ಗೀರು ಮಾಯವಾಗಿ ಚರ್ಮ ಮತ್ತೆ ಮೆತ್ತಗಾಗಿದೆ, ಒಂದನೇ ಕಾಲಕ್ಕೇ ಉರಿ. ಬೆಳಗ್ಗೆ ಗಡಿಯಾರ ನೋಡಿ 9 ನಿಮಿಷ ನುಡಿಸಿದೆ. ಮದ್ದೂರಿನ ತಮ್ಮಾ, ಅಂಬಾ ಅನ್ನೋರನ್ನೂ ಹುಡುಕಿದ್ದೀನಿ: ಆರು ಗಂಟೆಯೊಳಗೆ ಸದ್ದು ಬರದಿದ್ರೆ ಗೋಡೆ ಬಡೀರಿ ಅಂತ ಪಕ್ಕದ ಮನೆ ಅಜ್ಜಿಗೆ ಹೇಳಿಟ್ಟಿದ್ದೀನಿ. ಅವರು ಇವತ್ತು ಐದೂಮುಕ್ಕಾಲಕ್ಕೇ ಬಡಿದ್ರು.